ಯಾವ ದೀಪ ಹತ್ತಿತು ನೋಡು

ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಟೆಲಿಫೋನ್ ಆಪರೇಟರ್ ಆಗಿ ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಬೋರ್ಡಿನ ಮುಂದೆ ಸುಮ್ಮನೆ ಕೂತಿದ್ದರೂ ಸಾಕು, ನಗುವಂಥದ್ದೇನಾದರೂ ತಾನಾಗಿಯೇ ಹುಡುಕಿಕೊಂಡು ಬರುತ್ತಿತ್ತು. ಬಾಯಿಬಿಟ್ಟು ನಗುವ ಧೈರ್ಯ ಮಾತ್ರ ನನಗಿರಲಿಲ್ಲ. ನೌಕರಿ ಇನ್ನೂ ಖಾಯಂ ಆಗಿರಲಿಲ್ಲ, ಆಗಬೇಕಾದರೆ ಮ್ಯಾನೇಜರ್ ಸಹಿ ಬೀಳಬೇಕಿತ್ತು.

ಮ್ಯಾನೇಜರು ಮಹಾ ಶಿಸ್ತಿನವರು. ಮಂದಿಯೆಲ್ಲ ಅವರ ದನಿ ಅನುಕರಿಸಿ, ನನ್ನಿಂದ ಹೊರಗಿನ ಲೈನ್ ಪಡೆದು ಊರಿಗೆ ಫೋನ್ ಮಾಡುತ್ತಿದ್ದಾರೆಂದು ತಿಳಿದ ದಿನ ನನ್ನನ್ನು ಕರೆಸಿದರು. ಬೋರ್ಡಿನಲ್ಲಿ ಕಾರ್ಖಾನೆಯ ಒಂದೊಂದು ಫೋನಿಗೂ ಒಂದೊಂದು ಪುಟ್ಟ ದೀಪವಿತ್ತು.

"ಇನ್ಮೇಲೆ ನನ್ನ ರೂಮಿಗೆ, ಪರ್ಚೇಸ್ ರೂಮಿಗೆ ಮಾತ್ರ ಹೊರಗಿನ ಲೈನು. ಯಾರು ಮಾತಾಡ್ತಾರೆ ಅಂತ ಕೇಳ್ಬೇಡ, ಯಾವ ದೀಪ ಹತ್ತಿತು ನೋಡು," ಅಂದರು.

೧. ಪರ್ಚೇಸ್ ರೂಮಿನ ವೈಭವ

ಆ ವಾರದಿಂದ ಪರ್ಚೇಸ್ ರೂಮಿಗೆ ಇದ್ದಕ್ಕಿದ್ದಂತೆ ನೆಂಟರು ಹೆಚ್ಚಿದರು. ವೆಲ್ಡರಿಗೆ ಅಲ್ಲಿ ಬೋಲ್ಟಿನ ದರ ವಿಚಾರಿಸಬೇಕು, ಟೈಪಿಸ್ಟಿಗೆ ಅಲ್ಲಿನ ಫ್ಯಾನಿನ ಗಾಳಿಯೇ ಆಗಬೇಕು. ಹತ್ತುತ್ತಿದ್ದದ್ದು ಸರಿಯಾದ ದೀಪವೇ, ಹಾಗಾಗಿ ನಾನು ಲೈನ್ ಕೊಡುತ್ತಿದ್ದೆ. ಒಂದು ಮಧ್ಯಾಹ್ನ ಆ ಕಡೆ ಹೋದಾಗ ನೋಡಿದರೆ ಬಾಗಿಲಾಚೆಯ ತನಕ ಸಾಲು. ಕೊನೆಯಲ್ಲಿ ಪರ್ಚೇಸ್ ಆಫೀಸರೇ ನಿಂತಿದ್ದರು, ಮದ್ರಾಸಿಗೆ ಅರ್ಜೆಂಟಾಗಿ ಮಾತಾಡಬೇಕೆಂದು.

೨. ಫೋನ್ ಹೊತ್ತ ಫೋರ್ಮನ್

ರಾಯಕೋಟೆಯಿಂದ ಬರುತ್ತಿದ್ದ ಫೋರ್ಮನ್ ಸಾಲಿನಲ್ಲಿ ನಿಲ್ಲುವ ಆಸಾಮಿಯಲ್ಲ. ಪರ್ಚೇಸ್ ರೂಮಿನ ಕಪ್ಪು ಫೋನನ್ನೇ ಬಿಚ್ಚಿಕೊಂಡು ಹೋಗಿ ತಮ್ಮ ಶೆಡ್ಡಿನ ವೈರಿಗೆ ಸಿಕ್ಕಿಸಿದರು. ನನಗೆ ಕಂಡದ್ದು ಶೆಡ್ಡಿನ ದೀಪ, ಲೈನ್ ಕೊಡಲಾಗದು ಅಂದೆ.

"ಇದು ಪರ್ಚೇಸ್ ಸಾಹೇಬ್ರ ಫೋನೇ ಕಣಮ್ಮ. ಎಮ್ಮೆ ಈದೈತಾ ಅಂತ ಊರಾಗೆ ಕೇಳ್ಬೇಕು, ಕೊಡು."

ಪರ್ಮಿಷನ್ ಇರುವುದು ಡಬ್ಬಿಗಲ್ಲ, ಆ ರೂಮಿನಿಂದ ಬರುವ ವೈರಿಗೆ ಅಂತ ಬಿಡಿಸಿ ಹೇಳಿದೆ.

"ಮೊದ್ಲೇ ಯೋಳ್ಬಾರ್ದಾ? ಇರು, ವೈರೂ ಕಿತ್ಕೊಂಡ್ ಬತ್ತೀನಿ."

೩. ಗೇಟಿನ ದೀಪ

ಒಂದು ಬೆಳಿಗ್ಗೆ ಗೇಟಿನ ದೀಪ ಹತ್ತಿತು. ಮ್ಯಾನೇಜರ್ ದನಿ. ಬೆಂಗಳೂರಿನ ಮನೆಗೆ ಲೈನ್ ಬೇಕಂತೆ. ಆ ದನಿಯನ್ನು ನಂಬಿ ನಾನು ಎಷ್ಟು ಸಲ ಯಾಮಾರಿಲ್ಲ? ನಿಮ್ಮ ರೂಮಿನಿಂದ ಮಾಡಿ ಸಾರ್ ಅಂದೆ.

"ರೂಮಿಗೆ ಬೀಗ ಹಾಕಿದೆ. ಕೀ ಮನೇಲಿ ಬಿಟ್ನೋ, ದಾರೀಲಿ ಬಿತ್ತೋ, ಅದನ್ನೇ ಕೇಳ್ಬೇಕು."

"ಗೇಟಿಗೆ ಲೈನಿಲ್ಲ ಸಾರ್. ಮ್ಯಾನೇಜರ್ ಆರ್ಡರು."

ಫೋನ್ ಕಟ್ಟಾಯಿತು. ಯಾಕೋ ಅನುಮಾನ ಬಂದು ಗೇಟಿಗೆ ಮಾಡಿದೆ. ವಾಚ್‌ಮನ್ ಎತ್ತಿ, ಸಾಹೇಬರು ಕೆಂಪಗಾಗಿ ಒಳಗೆ ಹೋದರು ಅಂದ. ಖಾಯಂ ಆಗುವುದಿರಲಿ, ಸಂಜೆಯ ತನಕ ಇರುವುದೂ ಅನುಮಾನ ಅಂದುಕೊಂಡೆ.

ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ರೂಮಿನ ದೀಪವೇ ಹತ್ತಿತು. "ಕಿಟಕಿ ಹತ್ತಿ ಒಳಗೆ ಬಂದಿದೀನಿ," ಎಂದರು ಏದುಸಿರು ಬಿಡುತ್ತ. "ಈಗ ಕೊಡ್ತೀಯಾ?"

ತಕ್ಷಣ ಕೊಟ್ಟೆ. ಲೈನ್ ಸೇರಿತೋ ಇಲ್ಲವೋ ಎಂದು ಕಿವಿಗೊಟ್ಟರೆ ಹೆಂಡತಿಗೆ ಹೇಳುತ್ತಿದ್ದರು: "ಡ್ರೈವರ್ ಬರ್ತಾನೆ. ಕೀ ಜೊತೆಗೆ ಒಂದು ಪ್ಯಾಂಟೂ ಕೊಟ್ಟು ಕಳಿಸು."

ಪ್ಯಾಂಟು ಬರುವ ತನಕ ಹೊರಗೆ ಬರುವಂತಿಲ್ಲ, ಒಳಗೆ ಬೇರೆ ಕೆಲಸವಿಲ್ಲ. ಮೇಜಿನ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದ ಕಾಗದಗಳಿಗೆಲ್ಲ ಕೂತು ಸಹಿ ಹಾಕಿದರು. ಮಧ್ಯಾಹ್ನ ಬಾಗಿಲ ಸಂದಿಯಿಂದ ಹೊರಗೆ ತಳ್ಳಿದ ಮೊದಲ ಕಾಗದವೇ ನನ್ನ ನೌಕರಿ ಖಾಯಂ ಮಾಡಿದ ಆರ್ಡರು.