ಬ್ಯಾಡ ಅನ್ನೋದಕ್ಕೆ ಇಂಗ್ಲಿಷ್

ಅದಿರಿನ ಲಾರಿಗಳ ಕಾಲದ ಹೊಸಪೇಟೆ ಎಂದರೆ ನನಗೆ ಇಂದಿಗೂ ಕೇಳಿಸುವುದು ಷೋಕೇಸಿನೊಳಗಿನ ನನ್ನ ಟೀ ಸೆಟ್ಟಿನ ಕಿಣಿಕಿಣಿ. ಸಂಡೂರಿನ ಕಡೆಯಿಂದ ಒಂದು ಲಾರಿ ಹಾದರೆ ಸಾಕು, ಕಪ್ಪುಗಳೆಲ್ಲ ಸಾಸರಿನ ಮೇಲೆ ನಡುಗುತ್ತಿದ್ದವು. ಜೊತೆಗೆ ನಾನೂ, ಸಿಟ್ಟಿನಿಂದ. ಅರ್ಧ ಸಿಟ್ಟು ಲಾರಿಯ ಮೇಲೆ, ಇನ್ನರ್ಧ ಅಂಥ ಲಾರಿಗಳ ಮಾಲೀಕನಾಗಿದ್ದ ನನ್ನ ಮೈದುನನ ಮೇಲೆ. ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಡುಮ್ಕಿ ಹೊಡೆದ ಈ ಮಹಾನುಭಾವ ‘ಲೋಡು’, ‘ಪರ್ಮಿಟ್ಟು’ ಎಂಬೆರಡು ಪದಗಳ ಬಲದಿಂದ ಶ್ರೀಮಂತನಾದ ಮೇಲೆ, ದೇಶಕ್ಕೆಲ್ಲ ಇಂಗ್ಲಿಷ್ ಒಂದೇ ಆಡಳಿತ ಭಾಷೆಯಾಗಬೇಕೆಂದು ವಾದಿಸತೊಡಗಿದ್ದ. “ಅತ್ತಿಗೀ, ಒಂದು ಭಾಷಾ ಇದ್ರ ತಕರಾರ ಇರಂಗಿಲ್ಲ ನೋಡ್ರಿ” ಎನ್ನುತ್ತಿದ್ದ. ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದು, ಒಬ್ಬಳೇ ಇರುವಾಗ ಸೀನಿದರೂ ‘ಎಕ್ಸ್‌ಕ್ಯೂಸ್ ಮಿ’ ಎನ್ನುವ ನಾನು ಅವನ ಪಕ್ಷದವಳೇ ಎಂದು ಅವನ ನಂಬಿಕೆ. ಇಂಗ್ಲಿಷೆಂದರೆ ನನಗೆ ಪ್ರಾಣ, ನಿಜ. ನನಗೆ ಪ್ರಾಣವೆಂದು ಅದನ್ನು ಎಲ್ಲರ ಕೊರಳಿಗೂ ಗಂಟು ಹಾಕಲಾದೀತೆ?

ನಮ್ಮ ಮನೆಗೆ ಹೂವು ಕೊಡುತ್ತಿದ್ದ ಗಂಗಮ್ಮನಿಗೆ ಇದ್ದದ್ದು ಒಂದು ಮಲ್ಲಿಗೆ ತೋಟ, ಹೊಟ್ಟೆಪಾಡೆಲ್ಲ ಅದರ ಮೇಲೆಯೇ. ಅದರ ನಡುವೆ ಲಾರಿಗಳಿಗೆ ರಸ್ತೆ ಬೇಕೆಂದು ಒಂದು ಗಣಿ ಕಂಪನಿಯವರು ಅವಳ ಊರಿನ ಶಾಲೆಯಲ್ಲಿ ಸಭೆ ಕರೆದರು. ಇಂಗ್ಲಿಷ್ ಬಲ್ಲವಳೆಂದು ಗಂಗಮ್ಮ ನನ್ನನ್ನೂ ಕರೆದೊಯ್ದಳು. ಬಂದಿದ್ದ ಹೊರರಾಜ್ಯದ ಸಾಹೇಬನಿಗೆ ಕನ್ನಡದ ಗಂಧವಿಲ್ಲ. ಗಂಗಮ್ಮ ಎದ್ದು ನಿಂತು ಸೆರಗು ಬಿಗಿದು, “ನನ್ನ ತ್ವಾಟದಾಗ ರೋಡ್ ಬ್ಯಾಡ, ಸಾಹೇಬ್ರ” ಎಂದಳು. ಸಾಹೇಬ ಕನಿಕರದಿಂದ ತಲೆಯಾಡಿಸಿದ. “ರೋಡ್ ಬ್ಯಾಡ್? ಡೋಂಟ್ ವರಿ, ವಿ ವಿಲ್ ಮೇಕ್ ಇಟ್ ವೆರಿ ಗುಡ್.” ಮುಂದಿನ ಸಾಲಿನಲ್ಲಿದ್ದ ನನ್ನ ಮೈದುನ ಚಪ್ಪಾಳೆ ತಟ್ಟಿದ. ನೋಡಿ, ಇದೇ ಅವನ ತಕರಾರಿಲ್ಲದ ದೇಶ.

ಮೈಯೆಲ್ಲ ಉರಿದು ನಾನು ಎದ್ದೆ. ಆದರೆ ಸಿಸ್ಟರುಗಳು ನನಗೆ ಸಿಟ್ಟಿನ ಇಂಗ್ಲಿಷನ್ನು ಕಲಿಸಿರಲಿಲ್ಲ. ‘ವಿತ್ ಡ್ಯೂ ರೆಸ್ಪೆಕ್ಟ್’ ಎಂದು ಶುರುಮಾಡಿದವಳು ‘ಕೈಂಡ್ಲಿ’, ‘ಪರ್ಹ್ಯಾಪ್ಸ್’, ‘ಮೋಸ್ಟ್ ಗ್ರೇಟ್‌ಫುಲ್’ಗಳ ಸಂದಿಗೊಂದಿಗಳನ್ನೆಲ್ಲ ಸುತ್ತಿ ಬಂದು ಕೂರುವಷ್ಟರಲ್ಲಿ, ಸಾಹೇಬ ನನ್ನ ಉಚ್ಚಾರಣೆಯನ್ನು ಹೊಗಳಿ, ಸಹಕಾರಕ್ಕೆ ಥ್ಯಾಂಕ್ಸ್ ಹೇಳಿ ಸಭೆ ಮುಗಿಸಿಬಿಟ್ಟ. ರಸ್ತೆಯಾಯಿತು, ವೆರಿ ಗುಡ್ ರಸ್ತೆಯೇ. ಉಳಿದ ಮಲ್ಲಿಗೆ ಬಳ್ಳಿಗಳು ಕೆಂಪು ಧೂಳು ಕುಡಿದು ಒಣಗಿದವು.

ಗಂಗಮ್ಮನನ್ನು ನಾನು ಕೊನೆಯ ಸಲ ನೋಡಿದ್ದು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ. ಗಂಟುಮೂಟೆ ಸಮೇತ ಕುರೆಕುಪ್ಪದ ಮಗಳ ಮನೆಗೆ ಹೊರಟಿದ್ದಳು. ಕಂಡಕ್ಟರ್ ಸೀಟಿ ಊದಿದ ಮೇಲೆ ಕಿಟಕಿಯಿಂದ ಬಗ್ಗಿ, ‘ಬ್ಯಾಡ’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ಕೇಳಿದಳು. ‘ನೋ’ ಎಂದೆ.

“ಇಷ್ಟೇ ಏನ್ರಿ?” ಎಂದು ನನ್ನನ್ನೇ ನೋಡಿದಳು. “ಮತ್ತ ಅವತ್ತು ನೀವು ಅಷ್ಟೊತ್ತು ಏನ್ ಹೇಳಿದ್ರಿ, ಅಮ್ಮಾರ?”