ಉಡಿ ತುಂಬಿಕೊಂಡು ಹೋದ ಸಂದರ್ಶನ

ನೌಕರಿ ಕೇಳಲು ಹೊರಟವಳ ಉಡಿ ತುಂಬಬೇಕೆಂದು ಯಾವ ಕಾಯಿದೆಯೂ ಇಲ್ಲ. ಆದರೆ ಪಕ್ಕದ ಮನೆಯ ಸಿದ್ದವ್ವ ಕಾಯಿದೆ ಕೇಳುವ ಪೈಕಿ ಅಲ್ಲ. ನವನಗರದ ತಮ್ಮ ಓಣಿಯಿಂದ ಯಾವ ಹೆಣ್ಣುಮಗಳೂ ಬರಿ ಉಡಿಯಲ್ಲಿ ಒಳ್ಳೆಯ ಕೆಲಸಕ್ಕೆ ಹೋಗಕೂಡದೆಂದು ತಾನೇ ತೀರ್ಮಾನಿಸಿ, ಬೆಳಿಗ್ಗೆಯೇ ಅಕ್ಕಿಯ ಬುಟ್ಟಿ ಹಿಡಿದು ಶೈಲಾಳ ಬಾಗಿಲಲ್ಲಿ ನಿಂತಿದ್ದಳು.

"ಸಿದ್ದಕ್ಕಾ, ನಾ ತವರಮನಿಗೆ ಹೊಂಟಿಲ್ಲ. ಸೀರಿ ಅಂಗಡ್ಯಾಗ ನೌಕರಿ ಕೇಳಾಕ ಹೊಂಟೀನಿ."

"ನೌಕರಿ ಅಂದ್ರ ಲಕ್ಷ್ಮಿ ಅಲ್ಲೇನ? ಸೆರಗು ಒಡ್ಡು."

ಶೈಲಾ ಒಡ್ಡಿದಳು. ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಒಂದು ರವಿಕೆ ಖಣ ಎಲ್ಲ ಅದರೊಳಗೆ ಬಿದ್ದವು. ಸಿದ್ದವ್ವ ಗಂಟು ಮಾಡಿ ಸೊಂಟಕ್ಕೆ ಸಿಗಿಸಿ, "ಮನಿಗೆ ಬಂದು ದೇವರ ಮುಂದನ ಬಿಚ್ಚಬೇಕು ನೋಡು. ನಡುವ ಬಿಚ್ಚಿದ್ರ ನೌಕರಿ ಸಿಗಂಗಿಲ್ಲ" ಎಂದಳು.

ನೌಕರಿಯಂತೂ ಶೈಲಾಳಿಗೆ ಬೇಕೇ ಬೇಕಿತ್ತು. ಮೊದಲ ಮಗು ಹುಟ್ಟುವ ತನಕ ಬಾದಾಮಿಯ ಬಟ್ಟೆ ಅಂಗಡಿಯೊಂದರಲ್ಲಿ ದುಡಿದವಳು ಆಕೆ. ಈಗ ಓಣಿಯವರ ಬಾಯಲ್ಲಿ ಬರೀ 'ಚೇತನಾನ ಅವ್ವ'. ಬೆಳಗಿನಿಂದ ಸಂಜೆಯವರೆಗೆ ತನ್ನದೆಂದು ಒಂದು ಕುರ್ಚಿ ಇರಬೇಕು, ಅದರ ಮೇಲೆ ಬೇರೆ ಯಾರೂ ಉಚ್ಚೆ ಹೊಯ್ಯಬಾರದು, ಇಷ್ಟೇ ಆಕೆಯ ಆಸೆ.

ದೊಡ್ಡವನು ಶಾಲೆಗೆ ಹೋದ. ನಾಲ್ಕು ವರ್ಷದ ಚೇತನಾ ಮಾತ್ರ ಅವ್ವನನ್ನು ಬಿಟ್ಟಿರಲಾರೆನೆಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಅತ್ತೆ ಕಾಳವ್ವ ಮೊಮ್ಮಗಳನ್ನು ಬಗಲಿಗೆ ಏರಿಸಿಕೊಂಡು ತಾನೂ ಆಟೋ ಹತ್ತಿದಳು.

"ನೀ ಒಳಗ ಮಾತಾಡು. ನಾವು ಹೊರಗ ಸುಮ್ಮ ಕುಂತಿರ್ತೀವಿ."

ಕಾಳವ್ವ ಸುಮ್ಮನೆ ಕುಳಿತದ್ದನ್ನು ಕಂಡವರಿಲ್ಲ. ಆದರೂ ಶೈಲಾ ನಂಬಿದಳು.

ಅಂಗಡಿ ಇಳಕಲ್ ಸೀರೆಗಳದ್ದು, ಹೊಸದು. ಗಿರಾಕಿಗಳಿಗೆ ಸೀರೆ ತೋರಿಸಲು ಪೂರಾ ದಿನಕ್ಕೆ ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. ಮಾಲೀಕ ನಾಗಲಿಂಗಪ್ಪನವರು ಹಿಂದಿನ ಕೋಣೆಯಲ್ಲಿ ಶೈಲಾಳನ್ನು ಕೂರಿಸಿಕೊಂಡರು.

"ಕೆಲಸಾ ಬಿಟ್ಟು ಎಷ್ಟ ವರ್ಷ ಆತವಾ?"

"ಒಂಬತ್ತರೀ. ಮಕ್ಕಳ ಸಲುವಾಗಿ ಬಿಟ್ಟಿದ್ನಿರಿ."

"ಅಬಬಬ! ಒಂಬತ್ತು ವರ್ಷ ಅಂದ್ರ ಎಲ್ಲಾ ಮರತಿರ್ತಿ." ಅವರ ಕಣ್ಣು ಮೆಲ್ಲಗೆ ಅವಳ ಸೊಂಟಕ್ಕೆ ಇಳಿಯಿತು. ದನಿಯೂ ಇಳಿಯಿತು. "ಹೋಗ್ಲಿ ಅಂದ್ರ ಈಗ ಮತ್ತ ಬಸುರಿ ಅದಿ. ದಿನಾ ಕುಂತು ಎದ್ದು ದುಡಿಯೂ ಕೆಲಸ ಇದು ತಂಗಿ, ನನಗ ಪಾಪ ಬರ್ತೈತಿ."

ಶೈಲಾಳ ಮುಖ ಕೆಂಪಾಯಿತು. "ಬಸುರಲ್ರೀ, ತೆಂಗಿನಕಾಯಿ!" ಎಂದು ಗಡಬಡಿಸಿ ಎದ್ದಳು. ಗಂಟು ಕುರ್ಚಿಯ ಕೈಗೆ ಸಿಕ್ಕಿ ಬಿಚ್ಚಿತು. ತೆಂಗಿನಕಾಯಿ ಉರುಳಿ ಮಾಲೀಕರ ಪಾದದ ಮೇಲೆ ಬಿತ್ತು. ಬೆನ್ನಿಗೇ ಅಕ್ಕಿ ಕೋಣೆಯ ತುಂಬ ಹರಡಿತು.

ನಾಗಲಿಂಗಪ್ಪನವರು ಕಾಲಿನ ನೋವು ಮರೆತು ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡರು. "ಉಡ್ಯಾನ ಅಕ್ಕಿ ತುಳೀಬಾರದು! ಕಸಬರಿಗಿ ಮುಟ್ಟಿಸಬಾರದು! ಲೇ ಮುತ್ತುರಾಜ, ಎಲ್ಲಾರೂ ಬರ್ರಿಲೇ, ಕೈಲೆ ಆರಿಸ್ರಿ!"

ಅಂಗಡಿಯಲ್ಲಿದ್ದ ಕೆಲಸದವರೆಲ್ಲ ಒಳಗೆ ಓಡಿ ಬಂದು ಮಂಡಿಯೂರಿದರು. ಮಾಲೀಕರೂ ಇಳಿದರು. ಸಂದರ್ಶನ ಮೇಜಿನ ಕೆಳಗೆ ಮುಂದುವರಿಯಿತು.

"ಗಿರಾಕಿ ಬೈದ್ರ ಏನ್ ಮಾಡ್ತಿ?"

"ನಕ್ಕೋತ ಇನ್ನೊಂದು ಸೀರಿ ತೋರಸ್ತೇನ್ರಿ. ಸಾವಕಾರ್ರ, ನಿಮ್ಮ ಮೊಣಕಾಲ ಬುಡಕ ಕಾಳು ಅದಾವ್ರಿ."

"ಚೊಲೋ ನೆದರು ಐತಿ" ಎಂದರು ನಾಗಲಿಂಗಪ್ಪನವರು, ಮೊಣಕಾಲು ಎತ್ತುತ್ತ. ಕೊನೆಯ ಕಾಳು ಸಿಗುವ ಹೊತ್ತಿಗೆ ಅವರ ಮನಸ್ಸು ಪೂರ್ತಿ ಕರಗಿತ್ತು. "ನಡಿ ತಂಗಿ, ನೀ ಕುಂದರೂ ಜಾಗಾ ತೋರಸ್ತೇನಿ."

ಶೈಲಾ ಸೆರಗು ಸರಿಮಾಡಿಕೊಂಡು ಅವರ ಹಿಂದೆ ಹೊರಟಳು. ಅಷ್ಟು ಸಂತೋಷ ಆಕೆಗೆ ಆಗಿ ಬಹಳ ದಿನವಾಗಿತ್ತು.

ಆ ಜಾಗದಲ್ಲಿ ಕಾಳವ್ವ ಕುಳಿತಿದ್ದಳು. ಸುತ್ತ, ಕೆಲಸದವರೆಲ್ಲ ಅಕ್ಕಿ ಆರಿಸುತ್ತಿದ್ದಾಗ ಹುನಗುಂದದಿಂದ ಮದುವೆಯ ಸೀರೆಗೆ ಬಂದಿದ್ದ ಹೆಂಗಸರ ಹಿಂಡು. ಚೇತನಾ ರೇಷ್ಮೆ ಸೀರೆಗಳ ರಾಶಿಯ ಮೇಲೆ ನಿದ್ದೆ ಹೋಗಿದ್ದಳು.

"ಬೀಗತಿಗೆ ಇಂಥಾ ಸೀರಿ ಕೊಡ್ತಿ?" ಕಾಳವ್ವ ಒಬ್ಬಳನ್ನು ಗದರಿಸುತ್ತಿದ್ದಳು. "ನಾಳೆ ನಿನ್ನ ಮಗಳನ್ನ ಹೆಂಗ ನೋಡ್ಕೊಂತಾಳ, ವಿಚಾರ ಮಾಡು. ಆಕಿಗೆ ಈ ಕೆಂಪು ಸೆರಗಿಂದು ತಗೋ. ಆಕಿ ತಂಗೀಗೂ ಒಂದು ತಗೋ, ಇಲ್ಲಂದ್ರ ಆಕಿ ಚಾಡಿ ಹೇಳ್ತಾಳ."

ಹೆಂಗಸು ಹೆದರಿ ಎರಡೂ ತೆಗೆದುಕೊಂಡಳು. ಉಳಿದವರು ತಮ್ಮ ತಮ್ಮ ಬೀಗತಿಯರನ್ನು ನೆನೆದು ಮುಂದೆ ನುಗ್ಗಿದರು. ಮುತ್ತುರಾಜ ಬಾಯಿ ತೆರೆದು ಖಾಲಿ ಕಪಾಟನ್ನೇ ನೋಡುತ್ತಿದ್ದ.

ನಾಗಲಿಂಗಪ್ಪನವರು ಕೈಮುಗಿದರು. "ಯವ್ವಾ, ದಿನಾ ಬರ್ತೀರೇನ್ರಿ?"

"ಮದಿವಿಗೆ ಮೊದಲ ಇಳಕಲ್ಲಾಗ ನಮ್ಮಪ್ಪನ ಅಂಗಡ್ಯಾಗ ಕುಂದರ್ತಿದ್ದೆ. ಮಕ್ಕಳಾದುವು, ಬಿಟ್ಟೆ. ನಲವತ್ತು ವರ್ಷ ಆತೋ ಏನೋ."

"ಆದ್ರ ಏನಾತ್ರಿ? ಮಕ್ಕಳ್ನ ಸಾಕೂದು ಸಣ್ಣ ಕೆಲಸೇನ್ರಿ?"

ಶೈಲಾ ಕೆಮ್ಮಿದಳು. "ಮತ್ತ ನಂದ್ರಿ, ಸಾವಕಾರ್ರ?"

"ಇರೂದು ಒಂದ ಜಾಗಾ, ತಂಗಿ. ನಿಮ್ಮ ಮನಿಗೇ ಬಂತಲ್ಲ, ತಗೋ."

ಆಟೋದಲ್ಲಿ ಶೈಲಾ ಅಳು ತಡೆದುಕೊಂಡು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ಕಾಳವ್ವ ಪ್ರೀತಿಯಿಂದ ಸೊಸೆಯ ಕೈ ಹಿಡಿದಳು.

"ನಾ ದುಡಿಯಾಕ ಹೋದ್ರ ಕೂಸಿನ್ನ ಯಾರು ನೋಡ್ಕೋಬೇಕು ಅಂತ ಅಂಜಿಕಿ ಬಂದಿತ್ತವಾ. ಆಮ್ಯಾಲ ನೆನಪಾತು, ಮನ್ಯಾಗ ನೀ ಇರ್ತೀಯಲ್ಲ. ನಾಳೆ ಮುಂಜಾನೆ ಲಗೂನ ಎದ್ದು ನನಗ ಬುತ್ತಿ ಕಟ್ಟು."