ಫಾಸ್ಟಿಡಿಯಸ್ ನಾದಿನಿ

ಇಂಗ್ಲಿಷ್ ಬಲ್ಲವನೆಂಬ ಹೆಸರು ಒಮ್ಮೆ ಅಂಟಿಕೊಂಡಿತೆಂದರೆ ಆ ಮನುಷ್ಯನ ಭಾನುವಾರಗಳು ಮುಗಿದವೆಂದೇ ತಿಳಿಯಿರಿ. ಪುಣೆಯ ನಾರಾಯಣ ಪೇಟೆಯ ನಮ್ಮ ವಾಡೆಯಲ್ಲಿ ಯಾರಿಗೆ ತಂತಿ ಬಂದರೂ ನಾನೇ ಓದಬೇಕು, ಔಷಧದ ಬಾಟಲಿಯ ಚೀಟಿಯನ್ನೂ ನಾನೇ ಬಿಡಿಸಬೇಕು. (ಕಚೇರಿಯಲ್ಲಿ ನನ್ನ ಕೆಲಸ ಲಕೋಟೆಗಳ ಮೇಲೆ ವಿಳಾಸ ಬರೆಯುವುದಷ್ಟೇ. ಇದು ಮನೆಯವರಿಗೆ ಗೊತ್ತಿಲ್ಲ.)

ಮೂವತ್ತಾರನೆಯ ಇಸವಿಯ ಇಂಥದೊಂದು ಭಾನುವಾರ ಹೆಂಡತಿ ಶಿವಗಂಗವ್ವ ದೌತಿ, ಕಾಗದ ತಂದು ಎದುರಿಗಿಟ್ಟಳು.

“ನಾಗವ್ವನ ಸಲುವಾಗಿ ಸೊಲ್ಲಾಪುರಕ್ಕ ಪತ್ರ ಬರೀರಿ. ವರ ಇಂಗ್ಲಿಷ್ ಮಾಸ್ತರ. ಇಂಗ್ಲಿಷಿನ್ಯಾಗ ಬರದ್ರ ನಮ್ಮ ತೂಕ ಏರತದ.”

ನಾಗವ್ವ ಅವಳ ತಂಗಿ. ಧಾರವಾಡದಲ್ಲಿ ನಾಲ್ವರು ವರರು ಬೇಡವೆಂದ ಮೇಲೆ ಮಾವನವರು ಅವಳನ್ನು ನಮ್ಮಲ್ಲಿಗೆ ಕಳಿಸಿದ್ದರು. ಹುಡುಗಿ ಬಂಗಾರ, ಕೈ ಮಾತ್ರ ನಿಧಾನ. ಒಂದು ಸೇರು ಅಕ್ಕಿಯಲ್ಲಿ ಹರಳು ಆರಿಸಲು ಕೂತಳೆಂದರೆ ಮಧ್ಯಾಹ್ನ. ಮಂಡಯಿಯ ಸಂತೆಯಲ್ಲಿ ಒಂದೊಂದು ಬೆಂಡೆಕಾಯಿಯ ಜಾತಕ ನೋಡುವಳು. ‘ಕೊಳ್ಳುತ್ತೀಯೋ, ಅದಕ್ಕೆ ವರ ಹುಡುಕುತ್ತೀಯೋ’ ಎಂದು ಕಾಯಿಪಲ್ಲೆಯವಳು ಮರಾಠಿಯಲ್ಲಿ ಬೈಯುವಳು.

“ಕೆಲಸದಾಗ ಭಾಳ ಚುರುಕು ಅಂತ ಬರೀರಿ.”

“ಸುಳ್ಳಾಗತದಲ್ಲ?”

“ಲಗ್ನದ ಪತ್ರ ಅದು, ಕೋರ್ಟಿನ ಸಾಕ್ಷಿ ಅಲ್ಲ. ಬರೀರಿ.”

‘ಫಾಸ್ಟ್’ ಎಂದರೆ ಸಾಕಿತ್ತು. ಆದರೆ ಬಿ.ಎ. ಆದ ಮಾಸ್ತರನಿಗೆ ಅಷ್ಟು ಸಣ್ಣ ಶಬ್ದವೇ? ಕಚೇರಿಯ ಸಾಹೇಬರ ಬಾಯಲ್ಲಿ ಕೇಳಿದ್ದ ‘ಫಾಸ್ಟಿಡಿಯಸ್’ ನೆನಪಾಯಿತು. ಅದು ‘ಫಾಸ್ಟ್’ನ ಹಿರಿಯಣ್ಣನೇ ಇರಬೇಕೆಂದು ತರ್ಕಿಸಿ, ನಮ್ಮ ಹುಡುಗಿ ಸಕಲ ವಿಷಯಗಳಲ್ಲಿಯೂ ಫಾಸ್ಟಿಡಿಯಸ್ ಎಂದು ಘೋಷಿಸಿಬಿಟ್ಟೆ.

ಮೂರನೆಯ ವಾರ ವರ ಸಿದ್ದಲಿಂಗಪ್ಪ ಬಂದ. ತಂದೆತಾಯಿ ಇಲ್ಲದ ಹುಡುಗ, ಒಬ್ಬನೇ ಬಂದ. ಹೆಣ್ಣು ನೋಡಲು ಬಂದವನಂತಿರಲಿಲ್ಲ, ಪರೀಕ್ಷೆಗೆ ಬಂದವನಂತಿದ್ದ. ಜಮಖಾನೆಯ ತುದಿಯಲ್ಲಿ ಕೂತು ಬಿ.ಎ. ಸರ್ಟಿಫಿಕೇಟು ಬಿಚ್ಚಿ ನನ್ನ ಮುಂದೆ ಹಾಸಿದ. ಅದರ ಮೇಲೆ ಹೆಡ್‌ಮಾಸ್ತರರು ಕೊಟ್ಟ ಸನ್ನಡತೆಯ ಪತ್ರ. ಉಪ್ಪಿಟ್ಟನ್ನು ಒಂದು ರವೆಯೂ ಚೆಲ್ಲದಂತೆ ತಿಂದ.

“ಅವರು ಏನರೆ ಕೇಳೋದಿದ್ರ ಕೇಳ್ಲಿ ರೀ,” ಎಂದ ಬೆವರು ಒರೆಸಿಕೊಳ್ಳುತ್ತ.

“ಯಾರು?”

“ಹುಡುಗಿ. ಫಾಸ್ಟಿಡಿಯಸ್ ಅಂತ ಬರದೀರಲ್ಲ?”

“ಹೌದ್ರಿ, ಭಾಳ ಚುರುಕು!” ಶಿವಗಂಗವ್ವ ಹೆಮ್ಮೆಯಿಂದ ಹೇಳಿದಳು.

ವರನೊಳಗಿದ್ದ ಮಾಸ್ತರ ಎಚ್ಚೆತ್ತ. “ಚುರುಕು ಅಲ್ರಿ ಅಕ್ಕಾವ್ರ. ಅಳೆದು ಸುರಿದು ಆರಿಸೋರಿಗೆ, ಲಗೂನ ಯಾವುದೂ ಮನಸ್ಸಿಗೆ ಬರದವರಿಗೆ ಹಂಗ ಅಂತಾರ. ಊಟದಾಗ ಫಾಸ್ಟಿಡಿಯಸ್, ಉಡೋ ಅರಿವ್ಯಾಗ ಫಾಸ್ಟಿಡಿಯಸ್. ಹೇಳೋರ ದನಿ ಮ್ಯಾಲೆ ಹೊಗಳಿಕಿನೂ ಆಗತದ, ಬೈಗಳಾನೂ ಆಗತದ.”

ಶಿವಗಂಗವ್ವ ನನ್ನ ಕಡೆ ನೋಡಿದಳು. ಆ ನೋಟದ ಅರ್ಥಕ್ಕೆ ನಿಘಂಟು ಬೇಕಿರಲಿಲ್ಲ. ಸುಳ್ಳು ಬರೆಯಲು ಕೂತು, ಇಂಗ್ಲಿಷ್ ಬಾರದ ಒಂದೇ ಕಾರಣಕ್ಕೆ ನಾನು ಸತ್ಯ ಬರೆದಿದ್ದೆ!

“ಗೊತ್ತಿದ್ದೂ ಯಾಕ ಬಂದ್ರಿ?” ಎಂದೆ ಕ್ಷೀಣವಾಗಿ.

“ಅಂಥವರು ಹ್ಞೂಂ ಅಂದ್ರ ಅದಕ್ಕೊಂದು ಕಿಮ್ಮತ್ತು ಇರತದಲ್ರಿ,” ಎಂದ ತಲೆ ತಗ್ಗಿಸಿ.

ಬಾಗಿಲ ಹಿಂದೆ ಬಳೆಗಳ ಸದ್ದಾಯಿತು. ನಾಲ್ಕು ಸಲ ನೋಡಿಸಿಕೊಂಡಿದ್ದ ನಾಗವ್ವ ಈ ಸಲ ತಾನೇ ಹೊರಗೆ ಬಂದು ನೋಡಿದಳು, ಸಾವಕಾಶವಾಗಿ. ತಂಬಾಕು ತಿನ್ನುತ್ತೀರೇನು, ಸಿಟ್ಟು ಬಂದರೆ ಏನು ಮಾಡುತ್ತೀರಿ, ನನಗೂ ಓದಲು ಕಲಿಸುತ್ತೀರೇನು ಎಂದು ಕೇಳಿದಳು. ಅವನು ತಡವರಿಸುತ್ತ ಎಲ್ಲಕ್ಕೂ ಉತ್ತರ ಕೊಟ್ಟ.

“ನಡೀತದ,” ಎಂದು ಒಳಗೆ ಹೋದಳು. ಮಾಸ್ತರನ ಮುಖ ಪಾಸಾದ ಹುಡುಗನ ಮುಖವಾಯಿತು.

ನಾನು ಗಂಟಲು ಸರಿಪಡಿಸಿಕೊಂಡೆ. “ನೋಡಿದೀ? ನನ್ನ ಇಂಗ್ಲಿಷಿನಿಂದ ಲಗ್ನ ಕೂಡಿತು.”

ಶಿವಗಂಗವ್ವ ನನ್ನನ್ನು ಟೊಪ್ಪಿಗೆಯಿಂದ ಪಾದದವರೆಗೆ ಅಳೆದಳು.

“ಹಿಂಗ ಆರಿಸಲಿಕ್ಕೂ ಬರತದ ಅಂತ ಹದಿನಾಲ್ಕು ವರ್ಷದ ಹಿಂದ ನನಗೊಬ್ಬರೂ ಹೇಳ್ಲಿಲ್ಲ ನೋಡ್ರಿ, ಮಾಸ್ತರ.”

ಮಾಸ್ತರ ನಕ್ಕ. ಒಳಗಿನಿಂದ ನಾಗವ್ವನೂ ನಕ್ಕಳು. ಮನೆಯ ಯಜಮಾನನಾದ್ದರಿಂದ ನಾನೂ ನಗಬೇಕಾಯಿತು.